ತಾಳಿ ಅಡ ಇಟ್ಟಾಗ ಬರದ ಅಪಶಕುನ ಶಿಫ್ಟ್‌ಗೆ ಬಿಚ್ಚಿಟ್ಟರೆ ಬರುತ್ತಾ?

ಮುಳಬಾಗಿಲು ಸೊಸೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ಜಾಸ್ತಿ ಇದ್ದೀರಿ ಅಂತ ಕೇಳುತ್ತಿದ್ದೇನೆ. ಹೆಂಗಸರೂ ಹೇಳಿ, ಗಂಡಸರೂ ಹೇಳಿ.

ತವರು ಬಂಗಾರಪೇಟೆ ಹತ್ತಿರ. ಕೊಟ್ಟಿರೋದು ಮುಳಬಾಗಿಲು ತಾಲ್ಲೂಕಿನ ಹಳ್ಳಿಗೆ. ನರಸಾಪುರದ ಕಡೆ ಒಂದು ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತೇನೆ. ಒಳಗೆ ಹೋಗಬೇಕಾದರೆ ಮೈಮೇಲೆ ಲೋಹದ್ದು ಏನೂ ಇರಬಾರದು. ಬಳೆ, ಓಲೆ, ಗೆಜ್ಜೆ, ಉಂಗುರ, ತಾಳಿ ಸರ, ತಲೆಯ ಪಿನ್ನು ಕೂಡ. ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ, ಅದರ ವೈರು ಟೇಬಲ್‌ಗೆ ಸಿಕ್ಕಿಸಿಕೊಂಡು ಕೂರಬೇಕು. ಪಟ್ಟಿ ಇಲ್ಲದಿದ್ದರೆ ಮೈಯಿಂದ ಹಾಯುವ ಕರೆಂಟು ನಮಗೆ ಗೊತ್ತೇ ಆಗಲ್ಲ, ಅಷ್ಟರಲ್ಲಿ ಎಲೆಕ್ಟ್ರಾನಿಕ್ ಚಿಪ್ ಹಾಳಾಗಿರುತ್ತೆ. ಬಳೆ ಇದ್ದರೆ ಆ ಪಟ್ಟಿ ಚರ್ಮಕ್ಕೆ ಸರಿಯಾಗಿ ಕೂರಲ್ಲ. ಇದು ಕೆಲಸದ ನಿಯಮ, ನನಗೆ ತಕರಾರಿಲ್ಲ.

ತಾಳಿ ಸರ ಅಲ್ಲಿ ಬಿಚ್ಚಿಟ್ಟು ಬರೋಕೆ ನಂಬಿಕೆಯ ಜಾಗ ಇಲ್ಲ. ಹಾಗಾಗಿ ಮನೆಯಲ್ಲೇ ದೇವರ ಗೂಡಿನಲ್ಲಿಟ್ಟು ಹೊರಡುತ್ತೇನೆ. ಮನೆಯಿಂದ ಹೈವೇ ಕ್ರಾಸ್‌ವರೆಗೆ ನಡೆದು ಹೋಗಬೇಕು, ಅರಳಿಕಟ್ಟೆ ಮುಂದೆ, ಡೈರಿ ಮುಂದೆ. ಬೆಳಗಿನ ಹಾಲು ಹಾಕೋ ಹೊತ್ತು ಅದು. ಇಡೀ ಊರು ಅಲ್ಲೇ ಇರುತ್ತೆ. "ಗಂಡ ಗುಂಡುಕಲ್ಲಿನ ಹಾಗೆ ಇರುವಾಗಲೇ ನಿಮ್ಮ ಸೊಸೆ ಬರೀ ಕೊರಳಲ್ಲಿ ಓಡಾಡ್ತಾಳಲ್ಲ" ಅಂತ ನಮ್ಮತ್ತೆಗೆ ಯಾರೋ ಅಂದರಂತೆ. ಅದಾದ ಮೇಲೆ ನಮ್ಮ ಯಜಮಾನರು ಬೈಕಿಂದ ಬಿದ್ದು ಮೊಣಕಾಲು ತರಚಿಕೊಂಡರು. ಮಳೆ ಬಂದು ರಸ್ತೆ ಜಾರಿತ್ತು. ಆದರೆ ಮನೆಯಲ್ಲಿ ಕಾರಣ ಆಗಿದ್ದು ನನ್ನ ಕೊರಳು.

ಈಗ ನನ್ನ ಪ್ರಶ್ನೆ. ಇದೇ ತಾಳಿ ಸರ ಒಂದು ಕಾಲದಲ್ಲಿ ಬ್ಯಾಂಕಿನಲ್ಲಿ ಅಡ ಇತ್ತು. ಬೋರ್‌ವೆಲ್ ಕೊರೆಸಬೇಕಿತ್ತು. 1200 ಅಡಿ ದಾಟಿದರೂ ಧೂಳೇ ಬಂತು, ಆಮೇಲೆ ಇನ್ನೊಂದು ಪಾಯಿಂಟು ನೋಡಿದರು. ನಮ್ಮ ಕಡೆ ಬೋರ್‌ವೆಲ್ ಕಥೆ ನಿಮಗೆಲ್ಲ ಗೊತ್ತಿದ್ದೇ. ಸರ ಕೇಳಿದವರು ಅತ್ತೆ ಮಾವ. ಅತ್ತೆಯೇ ದಾರಕ್ಕೆ ಅರಿಶಿನ ಹಚ್ಚಿ, ಅರಿಶಿನದ ಕೊಂಬು ಕಟ್ಟಿ ನನ್ನ ಕೊರಳಿಗೆ ಹಾಕಿದರು. ಟೊಮೆಟೊ ರೇಟು ಬಿದ್ದ ವರ್ಷ ಬಡ್ಡಿ ಮಾತ್ರ ಕಟ್ಟಿ ಹಾಗೇ ಮುಂದುವರಿಸಿದೆವು. ಆಗ ಯಾರೂ ಅಪಶಕುನ ಅನ್ನಲಿಲ್ಲ. ಮನೆ ಉಳಿಸಿದ ಸೊಸೆ ಅಂದರು. ಬ್ಯಾಂಕಿನ ಬೀರುವಿನಲ್ಲಿ ಇದ್ದಾಗ ಗಂಡನ ಆಯಸ್ಸಿಗೆ ಏನೂ ಆಗದ ತಾಳಿ, ನಮ್ಮನೆ ದೇವರ ಗೂಡಿನಲ್ಲಿ ಎಂಟು ಗಂಟೆ ಇದ್ದರೆ ಏನಾಗುತ್ತೆ?

ತಾಳಿ ಬೇಡ ಅನ್ನೋಳು ನಾನಲ್ಲ. ನನಗೆ ಅದರ ಮೇಲೆ ಪ್ರೀತಿ ಇದೆ. ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಅಂತ ತೀರ್ಮಾನ ಮಾಡೋರು ಯಾರು, ಅದು ಮಾತ್ರ ನನ್ನ ಪ್ರಶ್ನೆ.

ಕೋಲಾರ ನರ್ಸಮ್ಮ:

ತಂಗಿ, ನಿನ್ನ ಪ್ರಶ್ನೆಗೆ ಉತ್ತರ ನಮ್ಮ ಆಪರೇಷನ್ ಥಿಯೇಟರ್ ಬಾಗಿಲಲ್ಲಿ ದಿನಾ ಸಿಗುತ್ತೆ.

ಹೆರಿಗೆ ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ನಾವೇ ಹೇಳುತ್ತೇವೆ, "ತಾಳಿ, ಓಲೆ, ಮೂಗುಬಟ್ಟು, ಕಾಲುಂಗುರ, ಬಳೆ ಎಲ್ಲ ಬಿಚ್ಚಿ ಮನೆಯವರ ಕೈಗೆ ಕೊಡಿ" ಅಂತ. ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತಾರೆ. ಮೈಮೇಲೆ ಲೋಹ ಇದ್ದರೆ ಆ ಜಾಗ ಸುಡುವ ಅಪಾಯ ಇರುತ್ತೆ. ಕೈ ಕಾಲು ಊದಿಕೊಂಡರೆ ಉಂಗುರ ಬಿಗಿದು ರಕ್ತ ಓಡಾಡಲ್ಲ. ಇದನ್ನೆಲ್ಲ ವಿವರಿಸುವ ಅಗತ್ಯವೇ ಬೀಳಲ್ಲ. ಯಾವ ಅತ್ತೆಯೂ ಬಾಗಿಲಲ್ಲಿ ನಿಂತು "ತಾಳಿ ತೆಗೆಯಬೇಡಿ" ಅಂದಿದ್ದು ನಾನು ಕಂಡಿಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗು ಅಳುವ ಸದ್ದು ಕೇಳುವವರೆಗೆ ಅಲ್ಲೇ ಕೂತಿರುತ್ತಾರೆ.

ತಕರಾರು ಬರೋದು ಗಾಜಿನ ಬಳೆಗೆ. ಊದಿದ ಕೈಯಿಂದ ಬಳೆ ಬರಲ್ಲ. ಒಡೆಯೋಣ ಅಂದರೆ ಮನೆಯವರು ನಡುಗಿ ಬಿಡುತ್ತಾರೆ. ಬಳೆ ಒಡೆಯೋದು ಯಾವಾಗ ಅಂತ ಎಲ್ಲರಿಗೂ ಗೊತ್ತಲ್ಲ. ಹಾಗಾಗಿ ನಾವು ಸೋಪಿನ ನೀರು ಹಚ್ಚಿ, ಹೆಬ್ಬೆರಳು ಒಳಗೆ ಮಡಚಿ, ಮೆಲ್ಲಗೆ ಜಾರಿಸಿ ಒಂದೊಂದೇ ತೆಗೆಯುತ್ತೇವೆ. ಸಮಯ ಹಿಡಿಯುತ್ತೆ. ಆದರೂ ಹಾಗೇ ಮಾಡುತ್ತೇವೆ. ಅವರ ಭಯ ನನಗೆ ಅರ್ಥ ಆಗುತ್ತೆ. ನಾನೂ ಅದೇ ಮಣ್ಣಿನವಳು.

ನಮಗೂ ಡ್ಯೂಟಿಯಲ್ಲಿ ಬಳೆ, ಉಂಗುರ, ವಾಚು ಇಲ್ಲ. ಮೊಣಕೈವರೆಗೆ ಕೈ ತೊಳೆಯಬೇಕು. ಬಳೆ ಸಂದಿಯಲ್ಲಿ ಕೂತ ಕೊಳೆ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹೋಗುತ್ತೆ. ನಮ್ಮನೆಯಲ್ಲಿ ಮೊದಮೊದಲು ಗೊಣಗಿದರು. ನರ್ಸ್ ಕೆಲಸ ಅಂದರೆ ಹಾಗೇ ಅಂತ ಆಮೇಲೆ ಒಪ್ಪಿಕೊಂಡರು. ಫ್ಯಾಕ್ಟರಿ ಕೆಲಸಕ್ಕೆ ಆ ಮರ್ಯಾದೆ ಇನ್ನೂ ಸಿಕ್ಕಿಲ್ಲ, ಅದೇ ವ್ಯತ್ಯಾಸ ಅಂತ ನನಗೆ ಅನ್ನಿಸುತ್ತೆ.

ತಿಪಟೂರು ತೆಂಗಿನತೋಟ:

ಅಮ್ಮಾ, ವಯಸ್ಸಾದವನು ಅಂತ ಎರಡು ಮಾತು ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ನಿಮ್ಮತ್ತೆ ಕೆಟ್ಟವರು ಅಂತ ನನಗೆ ಅನ್ನಿಸಲಿಲ್ಲ. ಅವರು ಹೆದರಿದ್ದಾರೆ. ನಮ್ಮ ಕಾಲದ ಹೆಂಗಸರು ತಾಳಿಯನ್ನ ಕಣ್ಣಿಗೆ ಒತ್ತಿಕೊಳ್ಳದೆ ಹಾಸಿಗೆಯಿಂದ ಏಳುತ್ತಿರಲಿಲ್ಲ. ನಮ್ಮನೆಯವಳು ಈಗಲೂ ಹಾಗೇ. ಅದು ನನಗಾಗಿ ಅವಳು ಮಾಡೋ ಪ್ರಾರ್ಥನೆ. ಅದನ್ನ ಬರೀ ಕಟ್ಟುಪಾಡು ಅಂದುಬಿಟ್ಟರೆ ಅವಳ ಮನಸ್ಸಿಗೆ ನೋವಾಗುತ್ತೆ. ಇನ್ನೊಂದು, ಕೊರಳಲ್ಲಿ ತಾಳಿ ಇದ್ದರೆ ಬಸ್ಸಿನಲ್ಲಿ, ಸಂತೆಯಲ್ಲಿ ಪುಂಡರು ತಂಟೆಗೆ ಬರಲ್ಲ. ರಾತ್ರಿ ಶಿಫ್ಟ್‌ನಿಂದ ಬರುವ ಹೆಣ್ಣುಮಗಳಿಗೆ ಅದೊಂದು ಕಾವಲು ಅಂತ ಹಿರಿಯರು ಯೋಚಿಸಿದ್ದರೆ ಅದರಲ್ಲಿ ತಪ್ಪೇನು?

ಬೇತಮಂಗಲ ಹುಡುಗಿ:

ಸಾರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಕೆಜಿಎಫ್ ಬಸ್ಸಿನಲ್ಲಿ ನಮ್ಮಕ್ಕನ ಪಕ್ಕ ನಿಂತೇ ಬಂದಿದ್ದೇನೆ. ಅಕ್ಕನ ಕೊರಳಲ್ಲಿ ತಾಳಿ, ಕಂಕುಳಲ್ಲಿ ಮಗು. ಆದರೂ ಹಿಂದಿನಿಂದ ಕೈ ಹಾಕಿದ. ಕಾಲುಂಗುರ ನೋಡಿ ಯಾರೂ ಕೈ ಹಿಂದೆ ತೆಗೆಯಲ್ಲ ಸಾರ್. ಚೂಡಿದಾರ್ ಹಾಕಿದಾಗಲೂ ಆಗಿದೆ, ಸೀರೆ ಉಟ್ಟಾಗಲೂ ಆಗಿದೆ. ಸೀರೆಯಲ್ಲಿ ಸೊಂಟ ಚಿವುಟೋದು ಇನ್ನೂ ಸುಲಭ.

ಮತ್ತೆ ಮದುವೆ ಆಗದ ನಾವು ಏನು ಮಾಡಬೇಕು? ನಮಗೆ ಕಾವಲು ಯಾವುದು?

ತಿಪಟೂರು ತೆಂಗಿನತೋಟ:

ನಿನ್ನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಮಗಳೇ. ಅಂಥವನನ್ನ ಬಸ್ಸು ನಿಲ್ಲಿಸಿ ಇಳಿಸಬೇಕು. ಆದರೆ ಪ್ರಾರ್ಥನೆ ಬಗ್ಗೆ ಹೇಳಿದ ಮಾತು ಮಾತ್ರ ಬಿಡಲ್ಲ.

ಮಾಲೂರು ಸೂಪರ್‌ವೈಸರ್:

ಪ್ರಾರ್ಥನೆ ವಿಷಯ ಹಿರಿಯರು ಹೇಳಿದ್ದು ಸರಿ. ಆದರೆ ಮೆಷಿನ್ನಿಗೆ ಪ್ರಾರ್ಥನೆ ಗೊತ್ತಾಗಲ್ಲ. ನಾನು ಲೈನ್ ನೋಡಿಕೊಳ್ಳೋನು. ಕನ್ವೇಯರ್ ಬೆಲ್ಟ್ ಇರೋ ಕಡೆ ಉದ್ದ ಸರ, ಬಿಟ್ಟ ಜಡೆ, ವೇಲು, ಸೆರಗು ಎಲ್ಲವೂ ಭಯವೇ. ಬಟ್ಟೆಯ ತುದಿ ಒಂದು ಸಲ ರೋಲರ್‌ಗೆ ಸಿಕ್ಕಿತು ಅಂದರೆ ಕೂಗೋಕೂ ಟೈಮ್ ಸಿಗಲ್ಲ, ಸ್ವಿಚ್ ಆಫ್ ಮಾಡುವಷ್ಟರಲ್ಲಿ ಎಳೆದುಕೊಂಡಿರುತ್ತೆ. ಓಡುತ್ತಿರೋ ಮೆಷಿನ್ ಮುಟ್ಟೋ ಕೆಲಸಗಾರ ಮೈಗೆ ಅಂಟಿದ ಬಟ್ಟೆ ಹಾಕಿರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್‌ನಲ್ಲೇ ಬರೆದಿದ್ದರು. ಅಷ್ಟು ಹಳೇ ವಿಷಯ ಇದು.

ಹೊಲದಲ್ಲೂ ನೋಡಿ. ನಮ್ಮಮ್ಮ ಟೊಮೆಟೊ ಬಿಡಿಸೋಕೆ ಹೋಗುವಾಗ ಸೀರೆ ಮೇಲೆ ನಮ್ಮಪ್ಪನ ಹಳೇ ತುಂಬುತೋಳಿನ ಶರ್ಟು ಹಾಕಿಕೊಂಡು, ಗುಂಡಿ ಎಲ್ಲ ಹಾಕಿ, ತಲೆಗೆ ಟವೆಲ್ಲು ಸುತ್ತಿ ಹೋಗುತ್ತಿದ್ದರು. ಬಿಸಿಲು, ಔಷಧಿ ವಾಸನೆ, ಗಿಡದ ಕಪ್ಪು ಅಂಟು ಕೈಗೆ ಮೆತ್ತಿಕೊಳ್ಳುತ್ತೆ ಅಂತ. ಸೀರೆಯನ್ನ ಮೊಣಕಾಲವರೆಗೆ ಎತ್ತಿ ಸಿಕ್ಕಿಸುತ್ತಿದ್ದರು. ಗಂಡಸಿನ ಶರ್ಟು ಹಾಕಿದಳು ಅಂತ ಯಾವನೂ ಪಂಚಾಯಿತಿ ಸೇರಿಸಲಿಲ್ಲ. ಕೂಲಿ ಕೆಲಸದಲ್ಲಿ ಹೆಂಗಸಿನ ಬಟ್ಟೆ ಯಾರ ಕಣ್ಣಿಗೂ ಬೀಳಲ್ಲ. ಅದೇ ಅಮ್ಮ ಅದೇ ಶರ್ಟು ಹಾಕಿಕೊಂಡು ಮದುವೆ ಮನೆಗೆ ಬಿಡಿ, ಮುಖ್ಯರಸ್ತೆ ಅಂಗಡಿಗೆ ಹೋಗಿದ್ದರೂ ಮಾತು ಬರುತ್ತಿತ್ತು.

ಮುಳಬಾಗಿಲು ಸೊಸೆ:

ಅಣ್ಣ, ನೀವು ಹೇಳಿದ ಶರ್ಟಿನ ಮಾತು ನೂರಕ್ಕೆ ನೂರು ನಿಜ. ನಮ್ಮತ್ತೆಯೂ ಹೊಲಕ್ಕೆ ಮಾವನ ಶರ್ಟು ಹಾಕಿಕೊಂಡೇ ಹೋಗೋದು.

ತಿಪಟೂರಿನ ಹಿರಿಯರಿಗೆ: ಸಾರ್, ಅತ್ತೆ ಹೆದರಿದ್ದಾರೆ ಅನ್ನೋದು ನನಗೂ ಗೊತ್ತು. ಅವರ ಪ್ರಾರ್ಥನೆ ಬಗ್ಗೆ ನಾನು ಹಗುರವಾಗಿ ಮಾತಾಡಲ್ಲ. ಆದರೆ ಪ್ರಾರ್ಥನೆ ಆದರೆ ಅದು ನನ್ನ ಮತ್ತು ದೇವರ ನಡುವೆ ಇರಬೇಕು ಅಲ್ವಾ? ಡೈರಿ ಮುಂದೆ ಹಾಲು ಅಳೆಸಲು ನಿಂತವರಿಗೆ ಅದರ ಲೆಕ್ಕ ಯಾಕೆ ಒಪ್ಪಿಸಬೇಕು?

ಶ್ರೀನಿವಾಸಪುರ ಮಾವಿನತೋಪು:

ನಾನು ಇಲ್ಲಿ ಸಾಮಾನ್ಯವಾಗಿ ಓದಿ ಸುಮ್ಮನಾಗುವವಳು. ಇವತ್ತು ಬರೆಯಬೇಕು ಅನ್ನಿಸಿತು.

2023ರ ಮಾರ್ಚ್ 8, ಮಹಿಳಾ ದಿನ. ಕೋಲಾರದ ಕಾರ್ಯಕ್ರಮದಲ್ಲಿ ಆಗಿನ ಸಂಸದ ಎಸ್. ಮುನಿಸ್ವಾಮಿ ಅವರು ಮಳಿಗೆ ಹಾಕಿಕೊಂಡು ವ್ಯಾಪಾರ ಮಾಡುತ್ತಿದ್ದ ಹೆಣ್ಣುಮಗಳೊಬ್ಬರ ಮುಂದೆ ನಿಂತು, ಹಣೆಗೆ ಬೊಟ್ಟು ಯಾಕಿಲ್ಲ, ಗಂಡ ಬದುಕಿದ್ದಾನಲ್ಲ ಅಂತ ಎಲ್ಲರೆದುರು ಗದರಿದ್ದರು. ಆ ವಿಡಿಯೋ ನೀವೆಲ್ಲ ನೋಡಿರುತ್ತೀರಿ. ತುಂಬಾ ಜನ ಖಂಡಿಸಿದರು. ಬೊಟ್ಟು ಇಡೋದು ಬಿಡೋದು ಆಕೆಯ ಇಷ್ಟ ಅಂದರು. ಸರಿಯಾಗೇ ಹೇಳಿದರು.

ಆದರೆ ಆ ಮಾತು ನನಗೆ ಬೇರೆ ಕಡೆ ಚುಚ್ಚಿತು. ನನ್ನ ಗಂಡ ತೀರಿಕೊಂಡಿದ್ದಾರೆ. ಗಂಡ ಇದ್ದಾನಲ್ಲ, ಬೊಟ್ಟು ಇಡು ಅಂದರೆ ಗಂಡ ಇಲ್ಲದವಳು ಇಡಬಾರದು ಅಂತ ತಾನೇ ಅರ್ಥ? ಆ ಹೆಣ್ಣುಮಗಳ ಪರವಾಗಿ ಮಾತಾಡಿದವರು ಸುಮಾರು ಜನ "ಪಾಪ, ಆಕೆಗೆ ಗಂಡ ಇದ್ದಾರೆ, ಸುಮ್ನೆ ಅವಮಾನ ಮಾಡಿದರು" ಅಂತಲೇ ಮಾತಾಡಿದರು. ಗಂಡ ಇಲ್ಲದಿದ್ದರೆ ಅವಮಾನ ಮಾಡಬಹುದಿತ್ತಾ?

ನಮ್ಮವರು ಹೋದ ಹನ್ನೊಂದನೇ ದಿನ ಏನೇನು ಮಾಡಿದರು ಅಂತ ಇಲ್ಲಿ ಬರೆಯಲ್ಲ. ಗೊತ್ತಿರೋರಿಗೆ ಗೊತ್ತು. ಕೈ ತುಂಬಾ ಬಳೆ, ತಲೆ ತುಂಬಾ ಕನಕಾಂಬರ ಹಾಕಿಸಿ, ಆಮೇಲೆ ಅದನ್ನೆಲ್ಲ ತೆಗೆಸುತ್ತಾರೆ. ತೆಗೆಸಿದವರೂ ಹೆಂಗಸರೇ, ಅವರೂ ನನ್ನ ಹಾಗೆ ಗಂಡನ್ನ ಕಳೆದುಕೊಂಡವರೇ. ಹೂವು ಅಂದರೆ ನನಗೆ ಚಿಕ್ಕ ವಯಸ್ಸಿಂದ ಪ್ರಾಣ. ಮದುವೆಗೂ ಮುಂಚೆ ಮುಡಿಯುತ್ತಿದ್ದೆ. ಗಂಡ ಕೊಟ್ಟಿದ್ದು ತಾಳಿ, ಕಾಲುಂಗುರ. ಹೂವು, ಬಳೆ, ಬೊಟ್ಟು ಅಪ್ಪನ ಮನೆಯಿಂದ ಬಂದಿದ್ದು. ಅದನ್ನ ಯಾಕೆ ತೆಗೆಸಬೇಕಿತ್ತು?

ಈಗ ಸಣ್ಣ ಸ್ಟಿಕರ್ ಇಡುತ್ತೇನೆ, ಕಪ್ಪು ಬಣ್ಣದ್ದು. ಕೆಂಪು ಇಡೋಕೆ ನನಗೇ ಧೈರ್ಯ ಬಂದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆಯಲ್ಲ. ಪಕ್ಕದ ಮನೆಯವರು ಪ್ರಸಾದ ಮಾತ್ರ ಮಗನ ಕೈಯಲ್ಲಿ ಕಳಿಸುತ್ತಾರೆ.

ಮುಳಬಾಗಿಲು ತಂಗಿ, ನಿನ್ನ ಬರೀ ಕೊರಳು ಕಂಡು ಊರು ಹೆದರೋದು ಯಾಕೆ ಅಂತ ಯೋಚನೆ ಮಾಡು. ನೀನು ನನ್ನ ಥರ ಕಾಣುತ್ತೀಯ, ಅದಕ್ಕೆ. ನನ್ನನ್ನ ಕಂಡರೆ ಆಗುವ ಭಯ ಹೋಗೋವರೆಗೂ ನಿನ್ನ ಮೇಲಿನ ಒತ್ತಡ ಹೋಗಲ್ಲ.

ಬೇತಮಂಗಲ ಹುಡುಗಿ:

ಅಕ್ಕ, ಓದಿ ಕಣ್ಣು ತುಂಬಿ ಬಂತು. ಮುಂದಿನ ಹಬ್ಬಕ್ಕೆ ನಮ್ಮನೆಗೆ ಬನ್ನಿ. ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ.

ತುಮಕೂರು ವಕೀಲೆ:

ಮಾವಿನತೋಪು ಅಕ್ಕ ಹೇಳಿದ್ದು ಈ ಚರ್ಚೆಯ ಬೇರು. ಅವರ ಮಾತಿಗೆ ಸೇರಿದ ಎರಡು ವಿಷಯ ಹೇಳುತ್ತೇನೆ. 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ ಇಬ್ಬರು ವಿಧವೆಯರನ್ನ ಅರ್ಚಕರಾಗಿ ನೇಮಿಸಿದರು. 2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಹೆರವಾಡ ಅನ್ನೋ ಗ್ರಾಮ ಪಂಚಾಯಿತಿ, ಗಂಡ ಸತ್ತಾಗ ಬಳೆ ಒಡೆಯೋದು, ಕುಂಕುಮ ಅಳಿಸೋದು, ತಾಳಿ ತೆಗೆಸೋದು ನಮ್ಮೂರಲ್ಲಿ ಇನ್ನು ಇಲ್ಲ ಅಂತ ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯಿತಿಗಳೂ ಹೀಗೇ ಮಾಡಲಿ ಅಂತ ಸುತ್ತೋಲೆ ಕಳಿಸಿತು. ಅದು ನಮ್ಮ ರಾಜ್ಯದ ಗಡಿಗೆ ಹತ್ತಿರದ ಊರು. ನಮ್ಮ ಗ್ರಾಮಸಭೆಗಳಲ್ಲೂ ಇದನ್ನ ಎತ್ತಬಹುದು. ಯಾರೂ ತಡೆಯಲ್ಲ.

ಈಗ ತಾಳಿ ಬಗ್ಗೆ ಕಾನೂನು. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಮದುವೆ ಹೇಗೆ ನಡೆಯಬೇಕು ಅಂತ ಹೇಳುತ್ತೆ. ಗಂಡು, ಹೆಣ್ಣು ಎರಡರಲ್ಲಿ ಯಾವುದಾದರೂ ಒಂದು ಕಡೆಯ ಪದ್ಧತಿ ಪ್ರಕಾರ ಆದರೆ ಸಾಕು. ಮದುವೆ ಆದ ಮೇಲೆ ಹೆಂಡತಿ ಏನು ಹಾಕಿಕೊಂಡಿರಬೇಕು ಅಂತ ಅಲ್ಲಿ ಒಂದಕ್ಷರ ಇಲ್ಲ. ಆದರೂ ಕೋರ್ಟುಗಳಲ್ಲಿ ಈ ವಿಷಯ ಬರುತ್ತೆ. 2022ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಒಂದು ವಿಚ್ಛೇದನ ಕೇಸಿನಲ್ಲಿ, ಹೆಂಡತಿ ತಾಳಿ ತೆಗೆದಿಟ್ಟಿದ್ದು ದೊಡ್ಡ ಮಾನಸಿಕ ಕ್ರೌರ್ಯ ಅಂತ ಹೇಳಿತು. ಸುದ್ದಿಯಲ್ಲಿ ಅಷ್ಟೇ ಬಂತು. ನಮ್ಮ ಕಕ್ಷಿದಾರರೂ ಅದನ್ನೇ ಹಿಡಿದುಕೊಂಡು ಬರುತ್ತಾರೆ. ಆದರೆ ಆ ಕೇಸಿನಲ್ಲಿ ಬೇರೆ ಆರೋಪಗಳೂ ಇದ್ದವು, ತಾಳಿ ತೆಗೆದದ್ದೊಂದರಿಂದಲೇ ಮದುವೆ ಮುರಿಯುತ್ತೆ ಅಂತ ನಾವು ಹೇಳುತ್ತಿಲ್ಲ ಅಂತ ನ್ಯಾಯಮೂರ್ತಿಗಳೇ ಬರೆದಿದ್ದರು. ಅದಕ್ಕೂ ಮುಂಚೆ, 2020ರ ಜೂನ್‌ನಲ್ಲಿ ಗುವಾಹಟಿ ಹೈಕೋರ್ಟು ಸಿಂಧೂರ, ಶಂಖದ ಬಳೆ ಹಾಕಲ್ಲ ಅಂದರೆ ಮದುವೆಯನ್ನೇ ಒಪ್ಪದ ಹಾಗೆ ಅಂತ ಹೇಳಿತ್ತು. ಇಂಥ ಮಾತುಗಳು ನನಗೆ ಸರಿ ಕಾಣಲ್ಲ. ಗಂಡ ತನ್ನ ಮೈಮೇಲೆ ಏನು ಹಾಕಿಲ್ಲ ಅಂತ ಯಾವ ಹೆಂಡತಿಯೂ ಕ್ರೌರ್ಯದ ಕೇಸು ಹಾಕಿ ಗೆದ್ದಿದ್ದು ನಾನು ಕಂಡಿಲ್ಲ. ಯಾಕೆಂದರೆ ಗಂಡಸಿಗೆ ಮದುವೆಯ ಗುರುತು ಅಂತ ನಾವು ಏನೂ ಇಟ್ಟಿಲ್ಲ.

ತಂಗಿ, ಕೆಲಸಕ್ಕೆ ಹೋಗುವಾಗ ತಾಳಿ ಬಿಚ್ಚಿಡೋದು ಮೇಲಿನ ಯಾವುದರ ಹತ್ತಿರಕ್ಕೂ ಬರಲ್ಲ. ಯಾರಾದರೂ ಹೆದರಿಸಿದರೆ ಹೆದರಬೇಡ.

ಶಿಡ್ಲಘಟ್ಟ ರೇಷ್ಮೆ ಮನೆ:

ಅಸ್ಸಲಾಮು ಅಲೈಕುಂ, ನಮಸ್ಕಾರ. ನಮ್ಮದು ರೇಷ್ಮೆ ಗೂಡಿನಿಂದ ನೂಲು ಬಿಚ್ಚೋ ಮನೆತನ. ಗೂಡಿನ ಮಾರುಕಟ್ಟೆ ಪಕ್ಕದ ಗಲ್ಲಿ.

ನಮ್ಮಮ್ಮಿ ವರ್ಷಗಟ್ಟಲೆ ಕಾಟೇಜ್ ಬೇಸಿನ್, ಅಂದರೆ ನೂಲು ಬಿಚ್ಚೋ ಬಿಸಿ ನೀರಿನ ತೊಟ್ಟಿ ಮುಂದೆ ಕೂತು ದುಡಿದವರು. ಕುದಿಯೋ ನೀರಲ್ಲಿ ಗೂಡು ಬೇಯುತ್ತೆ, ಬಿಸಿ ನೀರಿನಿಂದ ಎಳೆ ಹುಡುಕಿ ತೆಗೆಯಬೇಕು. ಬೆರಳ ತುದಿ ಬೆಳ್ಳಗೆ ಸುಕ್ಕಾಗಿ ಬಿರುಕು ಬಿಟ್ಟಿರುತ್ತೆ. ಒಳಗೆ ಹಬೆ, ಹುಳುವಿನ ವಾಸನೆ. ಅಲ್ಲಿ ಬುರ್ಖಾ ಹಾಕಿಕೊಂಡು ಕೂರೋಕೆ ಆಗುತ್ತಾ? ಬಾಗಿಲ ಹಿಂದೆ ಸಾಲಾಗಿ ಮೊಳೆ. ಎಲ್ಲರ ಬುರ್ಖಾ ಅಲ್ಲಿ. ಸಂಜೆ ಹೊರಡುವಾಗ ಹಾಕಿಕೊಂಡು ಹೊರಡುತ್ತಿದ್ದರು. ಒಳಗೆ ಗಂಡಸರೂ ಕೆಲಸ ಮಾಡುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ, ಕೆಲಸ ನಡೆಯಬೇಕಿತ್ತು. ಅದೇ ಅಮ್ಮಿ ಗಲ್ಲಿಯಲ್ಲಿ ಹಾಲು ತರೋಕೆ ಬುರ್ಖಾ ಇಲ್ಲದೆ ಹೋದರೆ ಮಾಮೂ ಬಂದು ಕೇಳುತ್ತಿದ್ದರು.

ಇನ್ನೊಂದು ಕಡೆ ನೋಡಿ. 2022ರಲ್ಲಿ ಕಾಲೇಜಿನ ಹಿಜಾಬ್ ಗಲಾಟೆ ಆಯಿತು. ಮಾರ್ಚ್ 15ಕ್ಕೆ ಹೈಕೋರ್ಟು, ಕಾಲೇಜಿನಲ್ಲಿ ಸಮವಸ್ತ್ರವೇ ಹಾಕಬೇಕು ಅನ್ನೋ ಸರ್ಕಾರದ ಆದೇಶ ಎತ್ತಿಹಿಡಿಯಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಥರ ತೀರ್ಪು ಕೊಟ್ಟರು. ನನ್ನ ತಂಗಿ ಆಗ ಪಿಯುಸಿ. ಗೇಟಿನ ಹೊರಗೆ "ಹಾಕು" ಅನ್ನೋರು, ಗೇಟಿನ ಒಳಗೆ "ತೆಗಿ" ಅನ್ನೋರು. ನಿನಗೆ ಏನು ಬೇಕು ಅಂತ ಅವಳನ್ನ ಕೇಳಿದವರು ನಮ್ಮಮ್ಮಿ ಒಬ್ಬರೇ. ಅವಳಿಗೆ ಹಾಕಿಕೊಳ್ಳಬೇಕಿತ್ತು, ಓದಲೂ ಬೇಕಿತ್ತು. ನಾನು ಹಾಕಲ್ಲ, ಅವಳು ಹಾಕುತ್ತಾಳೆ. ಒಂದೇ ಮನೆಯಲ್ಲಿ ಇದ್ದೇವೆ, ಜಗಳ ಇಲ್ಲ.

ಮುಳಬಾಗಿಲು ದೀದಿ ಕೇಳಿದ ಪ್ರಶ್ನೆ ನಮ್ಮನೆ ಪ್ರಶ್ನೆಯೂ ಹೌದು.

ಗೌರಿಬಿದನೂರು ಟೀಚರ್:

ನೈಟಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ!

ನಮ್ಮೂರ ಬೀದಿಯಲ್ಲಿ ಬೆಳಗ್ಗೆ ಕೊಳಾಯಿ ಹತ್ತಿರ ನಿಂತು ನೋಡಿ. ಸೊಸೆಯರು, ಅತ್ತೆಯರು ಎಲ್ಲ ನೈಟಿಯಲ್ಲೇ. ಮೇಲೆ ಒಂದು ಟವೆಲ್ಲು ಹಾಕಿಕೊಂಡರೆ ಮುಗಿಯಿತು. ಹಾಲಿನ ಬೂತು, ರೇಷನ್ ಅಂಗಡಿ, ಅಂಗನವಾಡಿಗೆ ಮಗು ಬಿಡೋದು ಎಲ್ಲ ಅದರಲ್ಲೇ. ಬೇಡ ಅಂತ ನಾನು ಹೇಳುತ್ತಿಲ್ಲ. ಮನೆಗೆಲಸಕ್ಕೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಗಾಳಿಯಾಡುತ್ತೆ, ಎದ್ದು ಕೂತು ಮಾಡಲು ಸುಲಭ, ಒಗೆದರೆ ಬೇಗ ಒಣಗುತ್ತೆ. ಆದರೆ ಅದೇ ಸೊಸೆ ಮೈ ತುಂಬಾ ಮುಚ್ಚುವ ಚೂಡಿದಾರ್ ಹಾಕಿ ಕಂಪ್ಯೂಟರ್ ಕ್ಲಾಸಿಗೆ ಹೊರಟರೆ "ಮದುವೆ ಆದ ಮೇಲೂ ಚೂಡಿದಾರಾ" ಅಂತಾರೆ. ನೈಟಿ ಹಾಕಿದ ಸೊಸೆ ಮನೆ ಹತ್ತಿರ ಇರುತ್ತಾಳೆ, ಚೂಡಿದಾರ್ ಹಾಕಿದವಳು ಬಸ್ಸು ಹತ್ತುತ್ತಾಳೆ. ನನಗೆ ಕಾಣೋದು ಅದೇ.

ಅದೂ ಎಲ್ಲ ಕಡೆ ಅಲ್ಲ ಅನ್ನಿ. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ ಹಗಲು ಹೊತ್ತು ನೈಟಿ ಹಾಕಿದರೆ 2000 ರೂಪಾಯಿ ದಂಡ ಅಂತ ಊರ ಹಿರಿಯರು ಸಾರಿಸಿದ್ದರು. ಹಾಕಿದವರ ಸುಳಿವು ಕೊಟ್ಟವರಿಗೆ 1000 ರೂಪಾಯಿ ಇನಾಮು ಬೇರೆ.

ಅದೇ 2018ರ ಇನ್ನೊಂದು ಸುದ್ದಿ ನನಗೆ ಇಷ್ಟ. ನಮ್ಮ ರಾಜ್ಯದ ಮೊದಲ ಮಹಿಳಾ ಡಿಜಿ ಮತ್ತು ಐಜಿಪಿ, ಅಂದರೆ ಪೊಲೀಸ್ ಮುಖ್ಯಸ್ಥೆ ಆಗಿದ್ದ ನೀಲಮಣಿ ರಾಜು ಅವರು, ಮಹಿಳಾ ಪೊಲೀಸರು ಡ್ಯೂಟಿಯಲ್ಲಿ ಖಾಕಿ ಸೀರೆ ಬದಲು ಪ್ಯಾಂಟು ಶರ್ಟು ಹಾಕಬೇಕು ಅಂತ ಆದೇಶ ಮಾಡಿದರು. ಕಳ್ಳನ ಹಿಂದೆ ಸೀರೆಯಲ್ಲಿ ಓಡೋಕಾಗಲ್ಲ. ಆಗಲೂ ಅಲ್ಲಲ್ಲಿ ಗೊಣಗಾಟ ಇತ್ತು. ಈಗ ಪ್ಯಾಂಟು ಹಾಕಿದ ಮಹಿಳಾ ಪೊಲೀಸರನ್ನ ಯಾರಾದರೂ ತಿರುಗಿ ನೋಡುತ್ತಾರಾ? ನಮ್ಮ ಶಾಲೆಯ ಹೆಣ್ಣುಮಕ್ಕಳಂತೂ ನೋಡಿ "ಮಿಸ್, ನಾನೂ ಪೊಲೀಸ್ ಆಗ್ತೀನಿ" ಅಂತಾರೆ.

ಮಾಲೂರು ಸೂಪರ್‌ವೈಸರ್:

ಟೀಚರಮ್ಮ ಹೇಳಿದ ಹಾಗೆ ಕಣ್ಣಿಗೆ ರೂಢಿ ಆಗಬೇಕು, ಅಷ್ಟೇ. ಮುಳಬಾಗಿಲು ತಂಗಿಗೆ ಒಂದು ಉಪಾಯ. ನೀನೇ ಹೇಳಿದ ಅರಿಶಿನದ ಕೊಂಬಿನ ದಾರ ಇದೆಯಲ್ಲ, ಅದನ್ನೇ ಹಾಕಿಕೊಂಡು ಹೋಗು. ಲೋಹ ಇಲ್ಲ. ಡಿಟೆಕ್ಟರ್‌ನಲ್ಲಿ ಸದ್ದು ಬರಲ್ಲ. ಅತ್ತೆಗೂ ಸಮಾಧಾನ.

ಕೋಲಾರ ನರ್ಸಮ್ಮ:

ಒಳ್ಳೇ ಉಪಾಯವೇ. ಆದರೆ ಬೆವರಿಗೆ, ಕೊಳೆಗೆ ದಾರ ಕೊರಳಲ್ಲಿ ತುರಿಕೆ ತರುತ್ತೆ. ಆಗಾಗ ಬದಲಾಯಿಸಬೇಕು. ಅರಿಶಿನದ ಪುಡಿ ಉದುರಿದರೆ ನಿಮ್ಮ ಫ್ಯಾಕ್ಟರಿಯ ಸ್ವಚ್ಛ ಕೋಣೆಯೊಳಗೆ ಬಿಡುತ್ತಾರೋ ಇಲ್ಲವೋ ಕೇಳಿಕೋ.

ಬೇತಮಂಗಲ ಹುಡುಗಿ:

ನನಗೆ ಅದು ಒಪ್ಪಿಗೆ ಇಲ್ಲ ಅಣ್ಣ. ದಾರ ಹಾಕಿಕೊಂಡರೆ ಡೈರಿ ಮುಂದಿನವರ ಬಾಯಿ ಮುಚ್ಚುತ್ತೆ, ಸರಿ. ನಾಳೆ ಬಳೆ ಎಲ್ಲಿ ಅಂತಾರೆ. ನಾಡಿದ್ದು ಜಡೆ ಯಾಕೆ ಹಾಕಿಲ್ಲ ಅಂತಾರೆ. ಒಂದೊಂದಕ್ಕೂ ಬದಲಿ ಹುಡುಕಿಕೊಂಡು ಹೋಗಬೇಕಾ? ಅಕ್ಕನ ಯಜಮಾನರು ಒಂದು ಸಲ ಡೈರಿ ಮುಂದೆ ನಿಂತು "ನನ್ನ ಹೆಂಡತಿ ಕೆಲಸಕ್ಕೆ ಹೋಗ್ತಾಳೆ, ನಾನೇ ಇಟ್ಟು ಹೋಗು ಅಂದಿದ್ದೀನಿ" ಅಂದರೆ ಮುಗಿಯಲ್ವಾ?

ಶ್ರೀನಿವಾಸಪುರ ಮಾವಿನತೋಪು:

"ನಾನೇ ಅಂದಿದ್ದೀನಿ" ಅಂತ ಅವರು ಹೇಳಬೇಕಾ ಮಗಳೇ? ಆಗಲೂ ಅಪ್ಪಣೆ ಗಂಡನದ್ದೇ ಆಯಿತಲ್ಲ. ಆದರೂ ಏನೂ ಹೇಳದೆ ಇರೋದಕ್ಕಿಂತ ಅದು ವಾಸಿ.

ತಿಪಟೂರು ತೆಂಗಿನತೋಟ:

ಎಲ್ಲರ ಮಾತೂ ಓದಿದೆ. ಶ್ರೀನಿವಾಸಪುರದ ತಾಯಿ ಬರೆದಿದ್ದನ್ನ ನಮ್ಮನೆಯವಳಿಗೆ ಓದಿ ಹೇಳಿದೆ. ಅವಳ ತಂಗಿಯೂ ಚಿಕ್ಕ ವಯಸ್ಸಿಗೆ ಗಂಡನ್ನ ಕಳೆದುಕೊಂಡವಳು. ನಮ್ಮನೆಯವಳು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೇ ಮಾತು ಅಂದಳು, ಈ ಸಲ ಗೌರಿ ಹಬ್ಬಕ್ಕೆ ತಂಗಿಗೂ ಬಾಗಿನ ಕೊಡ್ತೀನಿ ಅಂತ. ನಾನು ಸರಿ ಅಂದೆ. ತಾಳಿ ಪ್ರಾರ್ಥನೆ ಅನ್ನೋದು ಈಗಲೂ ನನ್ನ ಮಾತು. ಮುಳಬಾಗಿಲ ಮಗಳು ಕೇಳಿದ ಹಾಗೆ ಅದರ ಲೆಕ್ಕ ಊರಿಗೆ ಕೊಡಬೇಕಾಗಿಲ್ಲ ಅನ್ನೋದನ್ನೂ ಒಪ್ಪುತ್ತೇನೆ.

ಮುಳಬಾಗಿಲು ಸೊಸೆ:

ಎಲ್ಲರಿಗೂ ಧನ್ಯವಾದ. ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಭಾನುವಾರ ಅತ್ತೆ ಜೊತೆ ಕೂತು ಅವರೆಕಾಯಿ ಸುಲಿಯುತ್ತಾ ಮಾತಾಡಿದೆ. ಅಡ ಇಟ್ಟ ದಿನಗಳ ಮಾತು ತೆಗೆದೆ. ಅವರಿಗೂ ಎಲ್ಲ ನೆನಪಿದೆ. "ಆಗ ನಿನ್ನ ಕೊರಳಿಗೆ ನಾನೇ ದಾರ ಕಟ್ಟಿದ್ದೆ, ಅದಕ್ಕೆ ಭಯ ಆಗಲಿಲ್ಲ. ಈಗ ಯಾರೂ ಏನೂ ಕಟ್ಟಲಿಲ್ಲ" ಅಂದರು. ನನಗೆ ಅದು ಹೊಳೆದೇ ಇರಲಿಲ್ಲ. ಅವರಿಗೆ ಬೇಕಾಗಿದ್ದು ತಾವೂ ಅದರಲ್ಲಿ ಇರಬೇಕು ಅನ್ನೋದು. ಈಗ ಬೆಳಗ್ಗೆ ಸರ ಬಿಚ್ಚಿ ಅವರ ಕೈಗೇ ಕೊಡುತ್ತೇನೆ, ಅವರೇ ದೇವರ ಮುಂದೆ ಇಡುತ್ತಾರೆ. ದಾರ ಬೇಡ ಅಂದೆ. ಸ್ವಲ್ಪ ಹೊತ್ತು ಮುಖ ಸಪ್ಪಗಿತ್ತು, ಆಮೇಲೆ ಸರಿ ಅಂದರು. ಡೈರಿ ಮುಂದೆ ಯಾರೋ ಮತ್ತೆ ಕೇಳಿದ್ದಕ್ಕೆ "ನನ್ನ ಹತ್ತಿರ ಇದೆ, ನಿನಗೇನು" ಅಂದರಂತೆ. ಯಜಮಾನರು ಮಾತ್ರ ಇನ್ನೂ ಎಲ್ಲೂ ಬಾಯಿ ಬಿಟ್ಟಿಲ್ಲ. ಅವರ ಜೊತೆ ಆ ಮಾತು ಬಾಕಿ ಇದೆ, ಬಿಡಲ್ಲ.

ವಕೀಲ ಮೇಡಂ, ಒಂದು ಕೇಳಬೇಕಿತ್ತು. ನಮ್ಮ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು ತುಂಬಾ ಜನ ದೂರದ ಹಳ್ಳಿಯವರು. ಬಾಡಿಗೆ ರೂಮಿನಲ್ಲಿ ಇರೋರೂ ಇದ್ದಾರೆ. ಅವರಿಗೆ ಒಡವೆ ಇಟ್ಟು ಬರೋಕೆ ಅತ್ತೆಯೂ ಇಲ್ಲ, ಬೀಗ ಹಾಕೋ ಬೀರುವೂ ಇಲ್ಲ. ಗೇಟಿನ ಹತ್ತಿರ ಒಬ್ಬೊಬ್ಬರಿಗೆ ಒಂದು ಬೀಗದ ಡಬ್ಬಿ ಕೊಡಿ ಅಂತ ಕೇಳೋಕೆ ದಾರಿ ಇದೆಯಾ?

ತುಮಕೂರು ವಕೀಲೆ:

ಇದೆ. ಕೆಲಸದ ಹೊತ್ತಲ್ಲಿ ಹಾಕದ ಬಟ್ಟೆ ಇಡಲು ಜಾಗ ಕೊಡಬೇಕು ಅಂತ ನಿಯಮ ಮಾಡುವ ಅಧಿಕಾರ 1948ರ ಕಾರ್ಖಾನೆ ಕಾಯ್ದೆಯ 43ನೇ ಸೆಕ್ಷನ್‌ನಲ್ಲೇ ರಾಜ್ಯ ಸರ್ಕಾರಕ್ಕೆ ಕೊಟ್ಟಿದ್ದರು. ಅಲ್ಲಿ ಒಡವೆ ಅಂತ ಬರೆದಿಲ್ಲ. ಆದರೆ ಒಡವೆ ಬಿಚ್ಚಿಡಿ ಅಂತ ನಿಯಮ ಮಾಡಿದವರು ಇಡೋಕೆ ಜಾಗ ಕೊಡಲಿ ಅಂತ ಕೇಳೋದು ನ್ಯಾಯ. ಒಬ್ಬಳೇ ಬರೆಯಬೇಡ. ನಿಮ್ಮ ಲೈನಿನ ಎಲ್ಲರೂ ಸಹಿ ಹಾಕಿ. ಕನ್ನಡದಲ್ಲೇ ಬರೆಯಿರಿ. ಒಂದು ಪ್ರತಿಗೆ ಕಂಪನಿಯವರ ಸೀಲು, ತಾರೀಕು ಹಾಕಿಸಿ ಇಟ್ಟುಕೊಳ್ಳಿ. ಕರಡು ಬರೆದು ಇಲ್ಲಿ ಹಾಕು, ತಿದ್ದಿಕೊಡುತ್ತೇನೆ.

ಮಾಲೂರು ಸೂಪರ್‌ವೈಸರ್:

ಡಬ್ಬಿ ಅಂತ ಮಾತ್ರ ಬರೆಯಬೇಡಿ. ಅಳತೆ, ಎಷ್ಟು ಜನಕ್ಕೆ, ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಬಿಡಿಸಿ ಬರೆಯಿರಿ. ಕೈ ನಿಮ್ಮ ಹತ್ತಿರವೇ ಇರಬೇಕು. ಸೆಕ್ಯೂರಿಟಿಯವರ ಹತ್ತಿರ ಬೇಡ.

ಮುಳಬಾಗಿಲು ಸೊಸೆ:

ಸರಿ ಅಣ್ಣ. ಈ ವಾರ ಬಿ ಶಿಫ್ಟು. ಬಸ್ಸಿನಲ್ಲೇ ಎಲ್ಲರ ಹತ್ತಿರ ಕೇಳಿ, ರಾತ್ರಿ ಬಂದ ಮೇಲೆ ಕರಡು ಹಾಕುತ್ತೇನೆ.